ಕಸ್ತೂರಬಾಯಿ ಬಿಟ್ಟ ಮೊಸರು

ಸೋಲಾಪುರದ ಕಡಕ್ ರೊಟ್ಟಿ ತಿಂದವರು ಊರೂರಲ್ಲಿದ್ದಾರೆ. ಪಾಕೀಟು ಹರಿಯುತ್ತಾರೆ, ತುಂಡು ಮುರಿಯುತ್ತಾರೆ, ಶೇಂಗಾ ಚಟ್ನಿ ಹಚ್ಚಿ ಕಟಕಟ ಅಗಿದು 'ವಾಹ್' ಅನ್ನುತ್ತಾರೆ. ಬಡಿದ ಕೈ ಯಾರದು ಅಂತ ಕೇಳಿದವರು ಮಾತ್ರ ಇನ್ನೂ ಹುಟ್ಟಿಲ್ಲ. ಕೇಳದಿದ್ದರೂ ಹೇಳಬೇಕಾದ ಹೆಸರು ಅದು: ಕಸ್ತೂರಬಾಯಿ.

ವಯಸ್ಸು ಐವತ್ತಾರು. ಹುಟ್ಟಿದ್ದು ಭಂಡಾರಕವಠೆಯಲ್ಲಿ, ಕೊಟ್ಟಿದ್ದು ಸೋಲಾಪುರಕ್ಕೆ. ಊರ ಹೊರಗೆ, ಅಕ್ಕಲಕೋಟ ರಸ್ತೆಯ ಕಡೆಗೆ ಎರಡು ಖೋಲಿಯ ಮನೆ. ಹಿಂದೆ ತಗಡು ಹೊದಿಸಿದ ಪತ್ರಾಸಿನ ಶೆಡ್ಡು, ಅದರಲ್ಲಿ ಮೂರು ಒಲೆ. ಒಂದರ ಮುಂದೆ ಕಸ್ತೂರಬಾಯಿ, ಇನ್ನೊಂದರ ಮುಂದೆ ಓಣಿಯ ರೇವಮ್ಮ, ಮೂರನೆಯದರ ಮುಂದೆ ಆಯಾ ದಿನ ಯಾರು ಸಿಕ್ಕರೆ ಅವರು. ದಿನಕ್ಕೆ ನಾಲ್ಕು ನೂರು ಜೋಳದ ರೊಟ್ಟಿ. ಬಡಿದು, ಸುಟ್ಟು, ಒಲೆಯ ಸುತ್ತ ನಿಲ್ಲಿಸಿ ಒಣಗಿಸಬೇಕು. ಬೆಳಿಗ್ಗೆ ಐದಕ್ಕೆ ಕೂತರೆ ಹನ್ನೆರಡಕ್ಕೆ ಏಳುವುದು. ಸೋಲಾಪುರದ ಬಿಸಿಲು ಮೇಲಿನಿಂದ, ಒಲೆಯ ಝಳ ಮುಂದಿನಿಂದ. ನೀರು ಕುಡಿದರೆ ನಡುವೆ ಏಳಬೇಕಾಗುತ್ತದೆ, ಎದ್ದರೆ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತದೆ. ಆದ್ದರಿಂದ ನೀರನ್ನೇ ಕುಡಿಯದಿರುವುದು ಸೋವಿ ಅಂತ ಕಸ್ತೂರಬಾಯಿ ಇಪ್ಪತ್ತು ವರ್ಷದ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಳು. ತಪ್ಪು ತೀರ್ಮಾನ. ಆದರೆ ಹೇಳುವವರು ಯಾರು, ಕೇಳುವವಳು ಯಾರು?

ಅವಳ ಗಂಡ ಸಿದ್ದಣ್ಣ ಮೊದಲು ಟಾವೆಲ್ ನೇಯುವ ಕಾರಖಾನೆಯಲ್ಲಿದ್ದ. ಬಿ.ಪಿ. ಹೆಚ್ಚಾಗಿ, ಅದನ್ನು ಕಡೆಗಣಿಸಿ, ಸುಮಾರು ಹತ್ತು ವರ್ಷದ ಹಿಂದೆ ಎರಡೂ ಕಿಡ್ನಿ ಕಳೆದುಕೊಂಡ. ಯಾರಾದರೂ ಒಂದು ಕೊಡಬೇಕು ಅಂತ ಡಾಕ್ಟರು ಹೇಳಿದಾಗ ಮನೆಯಲ್ಲಿ ಸಭೆ ಸೇರಿತು. ಅಣ್ಣತಮ್ಮಂದಿರು ಬಂದರು, ಚಹಾ ಕುಡಿದರು, ತಲೆ ಕೆಳಗೆ ಹಾಕಿ ಕೂತರು. ಕಸ್ತೂರಬಾಯಿ ಕಪ್ಪು ಬಶಿ ಎತ್ತಲು ಬಂದವಳು ನಿಂತು, "ನನ್ನ ಹಂತ್ಯಾಕ ಎರಡದಾವಲ್ಲಾ, ಒಂದು ತಗೋರಿ. ಇದಕ್ಯಾಕ ಇಷ್ಟು ಮಂದಿ?" ಅಂದು ಒಳಗೆ ಹೋದಳು. ತಪಾಸಣೆಯಲ್ಲಿ ಹೊಂದಿಕೆಯಾಯಿತು. ಎಡಗಡೆಯದು ತೆಗೆದರು, ಸಿದ್ದಣ್ಣನ ಹೊಟ್ಟೆಗೆ ಹಾಕಿದರು.

ಅಂದಿನಿಂದ ಸಿದ್ದಣ್ಣನ ಬದುಕು ಗಡಿಯಾರದ ಮುಳ್ಳಿಗೆ ಕಟ್ಟಿದ ಬದುಕು. ಬೆಳಿಗ್ಗೆ ಎಂಟಕ್ಕೆ ಗುಳಿಗೆ, ಸಂಜೆ ಎಂಟಕ್ಕೆ ಗುಳಿಗೆ, ಅವು ತಪ್ಪಿದರೆ ಹಾಕಿದ ಕಿಡ್ನಿಯನ್ನು ಮೈ ತಿರಸ್ಕರಿಸುತ್ತದೆ ಅಂತ ಡಾಕ್ಟರು ಹೆದರಿಸಿಟ್ಟಿದ್ದಾರೆ. ಅವನು ರೊಟ್ಟಿ ಎಣಿಸಿ ಪಾಕೀಟು ಕಟ್ಟುತ್ತಾನೆ, ಸ್ಕೂಟರಿನ ಮೇಲೆ ಅಂಗಡಿಗಳಿಗೆ ಮುಟ್ಟಿಸುತ್ತಾನೆ, ಎಂಟು ಹೊಡೆಯುವ ಮುಂಚೆ ಮನೆಯಲ್ಲಿರುತ್ತಾನೆ. ಎಂಥ ಲಗ್ನವಿರಲಿ, ಎಂಥ ಮಣ್ಣು ಕೊಡುವುದಿರಲಿ, ಕಿಸೆಯಲ್ಲಿ ಗುಳಿಗೆಯ ಡಬ್ಬಿ ಇರಲೇಬೇಕು.

ಹೀಗೆ ಎಲ್ಲ ಸುರಳೀತ ನಡೆದಿತ್ತು. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಕಸ್ತೂರಬಾಯಿಗೆ ಬಲಪಕ್ಕೆಯಲ್ಲಿ ನೋವು ಬಂತು. ಬಂದದ್ದು ಸಣ್ಣ ನೋವಲ್ಲ. ಮೂರು ಹೆತ್ತವಳು ಅವಳು, ಆದರೂ ಹಿಟ್ಟಿನ ಪರಾತದ ಮೇಲೆ ಬೋರಲು ಬಿದ್ದು "ಯವ್ವಾ, ಸತ್ತೆನ್ರೋ" ಅಂತ ಕೂಗಿದಳು. ಮಧ್ಯಾಹ್ನದವರೆಗೆ ಒಂದು ಹನಿ ಮೂತ್ರವಿಲ್ಲ. ದವಾಖಾನೆಯಲ್ಲಿ ಫೋಟೋ ತೆಗೆದು ನೋಡಿದರೆ, ಇದ್ದ ಒಂದೇ ಕಿಡ್ನಿಯ ಬಾಯಿಗೆ ಹರಳು ಅಡ್ಡ ಕೂತಿದೆ. ಎರಡಿದ್ದವರಿಗೆ ಒಂದು ಕಟ್ಟಿದರೆ ಇನ್ನೊಂದು ನಡೆಯುತ್ತದೆ. ಇವಳಿಗೆ ಆ ಇನ್ನೊಂದು ಎಲ್ಲಿದೆ? ಗಂಡನ ಹೊಟ್ಟೆಯಲ್ಲಿ.

ನಳಿಗೆ ಹಾಕಿ, ಲೇಸರಿನಿಂದ ಒಡೆದು, ಹರಳು ತೆಗೆದರು. ಹೊರಡುವಾಗ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಈ ಸಲ ಉಳಿಯಿತು, ಇನ್ನೊಮ್ಮೆ ಹೀಗೆ ಅಡ್ಡ ಕೂತು ಬರುವುದು ತಡವಾದರೆ ಕಿಡ್ನಿ ಹೋದಂತೆಯೇ, ಆಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ತೆಗೆದ ಹರಳಿನ ತಪಾಸಣೆಯಾಗಿತ್ತು. ಅದು ಆಕ್ಸಲೇಟ್ ಮತ್ತು ಕ್ಯಾಲ್ಸಿಯಂ ಕೂಡಿ ಗಟ್ಟಿಯಾದದ್ದು. ಆಕ್ಸಲೇಟ್ ಅನ್ನುವುದು ಸೊಪ್ಪು, ಕಾಳು, ಬೀಜಗಳಲ್ಲಿರುತ್ತದೆ, ಅದು ಹೊಟ್ಟೆಗೆ ಹೋಗುವುದು ಕಡಿಮೆಯಾಗಬೇಕು, ನೀರು ಹೆಚ್ಚಾಗಬೇಕು. ಕೈಗೆ ಒಂದು ಮರಾಠಿ ಕಾಗದ ಕೊಟ್ಟರು. ಮೇಲೆ ದಪ್ಪ ಅಕ್ಷರದಲ್ಲಿ 'ಜೇವಣಾತ ಹೇ ಟಾಳಾ' ಅಂತಿತ್ತು, ಊಟದಲ್ಲಿ ಇವನ್ನು ಬಿಡಿ ಅಂತ. ಕೆಳಗೆ ಪಾಲಕ, ಚುಕ್ಕಾ, ಶೇಂಗಾ, ಗೆಣಸು, ರಾಜಗಿರಿ, ಕಾಜು, ಕರಿ ಚಹಾ ಅಂತ ಸಾಲುಗಟ್ಟಿದ್ದವು.

ಕಸ್ತೂರಬಾಯಿ ಓದಿದ್ದು ಮರಾಠಿ ಸಾಲೆಯ ಏಳನೆಯ ಇಯತ್ತೆ. ಕಾಗದವನ್ನು ಶೆಡ್ಡಿನ ಗೋಡೆಗೆ ಅಂಟಿಸಿದಳು, ಅಕ್ಷರ ಅಕ್ಷರ ಪಾಲಿಸಿದಳು. ಶೇಂಗಾ ಚಟ್ನಿಯಿಲ್ಲದೆ ರೊಟ್ಟಿ ತಿನ್ನುವುದು ಸೋಲಾಪುರದವರಿಗೆ ಶಿಕ್ಷೆ. ಅದನ್ನೂ ಸಹಿಸಿದಳು. ಪಾಲಕ ಮಾರುವವಳು ಓಣಿಗೆ ಬಂದರೆ ಮುಖ ತಿರುಗಿಸಿದಳು. ಒಲೆಯ ಪಕ್ಕ ತಂಬಿಗೆ ನೀರಿಟ್ಟುಕೊಂಡು, ನಡುವೆ ಎದ್ದಾಗ ಕರಕಾದರೆ ಆಗಲಿ ಹಾಳು ರೊಟ್ಟಿ ಅಂತ ಕುಡಿದಳು. ರೇವಮ್ಮ ನಕ್ಕು, "ಡಾಕ್ಟರಿಗೆ ಗಂಡಗಿಂತಾ ಹೆಚ್ಚು ಹೆದರ್ತಿ ಬಿಡವಾ ನೀ" ಅಂದಳು.

"ಗಂಡಗ ನಾ ಯಾವಾಗ ಹೆದರೀನಿ?" ಅಂದಳು ಕಸ್ತೂರಬಾಯಿ.

ಆರು ತಿಂಗಳಾದ ಮೇಲೆ ಸೋನೋಗ್ರಾಫಿ ಮಾಡಿದರು. ಕಿಡ್ನಿಯಲ್ಲಿ ಮತ್ತೆ ಎರಡು ಹರಳು. ಸಣ್ಣವು, ಜೋಳದ ಕಾಳಿನಷ್ಟು. ದಿನಾ ಜೋಳದ ಹಿಟ್ಟು ನಾದುವ ಕಸ್ತೂರಬಾಯಿಗೆ ಆ ಅಳತೆ ಯಾರು ಹೇಳಿಕೊಡಬೇಕಾಗಿದೆ! ಡಾಕ್ಟರ ಮುಖ ಗಂಟಾಯಿತು. ಹೇಳಿದ್ದು ಪಾಲಿಸಿಲ್ಲ ನೀವು ಅಂದರು. ಇವಳು ದೇವರಾಣೆ ಪಾಲಿಸಿದ್ದೇನೆ ಅಂದಳು. ಹಾಗಿದ್ದರೆ ಮೂತ್ರವೇ ಹೇಳಲಿ ಅಂತ, ಒಂದು ಹಗಲು ಒಂದು ರಾತ್ರಿ ಪೂರ್ತಿ ಮೂತ್ರ ಕೂಡಿಡಲು ದೊಡ್ಡ ಡಬ್ಬಿ ಕೊಟ್ಟರು. ಮೊದಲ ಸಲ ಅವಳು ಕೂಡಿಟ್ಟದ್ದು ರವಿವಾರ. ಆಕ್ಸಲೇಟ್ ತುಸು ಹೆಚ್ಚಿತ್ತು ಅಷ್ಟೇ. ಇನ್ನೊಮ್ಮೆ ನೋಡೋಣ ಅಂತ ಹದಿನೈದು ದಿನ ಬಿಟ್ಟು ಮತ್ತೆ ಡಬ್ಬಿ ಕೊಟ್ಟರು. ಆ ಸಲ ಅದು ಗುರುವಾರ ಬಂತು. ರಿಪೋರ್ಟಿನಲ್ಲಿ ಆಕ್ಸಲೇಟ್ ಎರಡು ಪಟ್ಟು ದಾಟಿತ್ತು. ಡಾಕ್ಟರು ತಲೆ ಕೆರೆದುಕೊಂಡು, ಆಹಾರದ ತಜ್ಞೆ ಯೋಗಿತಾ ಮ್ಯಾಡಮ್ಮರ ಖೋಲಿಗೆ ಕಳಿಸಿದರು.

ಯೋಗಿತಾಳಿಗೆ ಮೂವತ್ತು ವಯಸ್ಸು. ಕನ್ನಡ ಗಡಿಯ ಊರು ವಾಗದರಿಯ ಅಜ್ಜಿ ಬೆಳೆಸಿದ ಹುಡುಗಿ, ಹೀಗಾಗಿ ಕನ್ನಡ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಗಂಡ ಹೆಂಡತಿ ಎದುರಿಗೆ ಕೂತರು. ಅವಳು ಪೆನ್ನು ತೆಗೆದಳು.

"ಮಾವಶಿ, ವಾರ ಪೂರ್ತಿ ಏನೇನು ತಿಂತೀರಿ, ಒಂದೊಂದ ದಿನದ್ದು ಹೇಳ್ರಿ."

ಕಸ್ತೂರಬಾಯಿ ಹೇಳಿದಳು. ಸೋಮವಾರ ರೊಟ್ಟಿ, ಹೀರೇಕಾಯಿ ಪಲ್ಯ, ಅನ್ನ, ಸಾರು. ಮಂಗಳವಾರ ರೊಟ್ಟಿ, ಸೋರೇಕಾಯಿ. ಬುಧವಾರ ರೊಟ್ಟಿ, ಹೂಕೋಸು. ಶುಕ್ರವಾರ ರೊಟ್ಟಿ...

"ಗುರುವಾರ ಬಿಟ್ರಲ್ಲಾ?"

"ಗುರುವಾರ ಏನೂ ತಿನ್ನಂಗಿಲ್ರಿ. ಉಪಾಸ. ಅಕ್ಕಲಕೋಟ ಸ್ವಾಮಿದು."

"ಏನೂ ಇಲ್ಲ?"

"ಏನೂ ಇಲ್ರಿ. ಬರೇ ಫರಾಳ."

ಯೋಗಿತಾ ಪೆನ್ನು ಕೆಳಗಿಟ್ಟಳು. "ಫರಾಳಕ್ಕ ಏನು ಮಾಡ್ತೀರಿ?"

"ಏನ ಮಾಡ್ತಾರ್ರೀ ಎಲ್ಲಾರೂ? ಸಾಬೂದಾಣಿ ಖಿಚಡಿ. ಶೇಂಗಾದ ಪುಡಿ ಚೊಲೋತಂಗ ಹಾಕಿ. ಒಂದೆರಡು ರಾಜಗಿರಿ ಲಾಡು. ಸಂಜಿಕ ಗೆಣಸು ಕುದಿಸಿ. ರೊಟ್ಟಿ ಬಡಿಯೋ ಕೆಲಸ ಇರ್ತದಲ್ಲಾ, ಶಕ್ತಿ ಬೇಕು, ನಡುವ ಒಂದು ಹಿಡಿ ಹುರದ ಶೇಂಗಾ ಬಾಯಾಗ ಒಗಕೋತೀನಿ. ಕರಿ ಚಹಾ ಒಂದು ನಾಕೈದು ಸಲ."

"ಮಾವಶಿ! ಕಾಗದದಾಗ ಬರದಿತ್ತಲ್ಲಾ, ಶೇಂಗಾ ಬ್ಯಾಡ, ಗೆಣಸು ಬ್ಯಾಡ, ರಾಜಗಿರಿ ಬ್ಯಾಡ ಅಂತ!"

"ಬರದಿತ್ರಿ. 'ಜೇವಣಾತ' ಅಂತ ಬರದಿತ್ತು. ಊಟದಾಗ. ಊಟದಾಗ ನಾ ಒಂದ ಕಾಳು ಮುಟ್ಟಿಲ್ಲ, ಬೇಕಾದ್ರ ಇವರಿಗೆ ಕೇಳ್ರಿ. ಫರಾಳ ಊಟ ಹೆಂಗ ಆಗ್ತದ್ರಿ? ಊಟ ಆದ್ರ ಉಪಾಸ ಮುರೀತದಲ್ಲಾ?"

ಇದಕ್ಕೆ ಏನು ಉತ್ತರ ಕೊಡಬೇಕು? ಊಟ ಬೇರೆ, ಉಪವಾಸದ ದಿನ ತಿನ್ನುವ ಫರಾಳ ಬೇರೆ. ಈ ಸೀಮೆಯಲ್ಲಿ ಹುಟ್ಟಿದ ಯಾವ ಹೆಂಗಸೂ ಎರಡನ್ನೂ ಒಂದೇ ಅನ್ನಲಾರಳು. ಕಾಗದ ಬರೆದವರೂ ಇಲ್ಲಿಯವರೇ, ಅವರಿಗೂ ಅದು ಹೊಳೆಯಲಿಲ್ಲ. ಬಿಡಬೇಕಾದ ಪದಾರ್ಥಗಳನ್ನೆಲ್ಲ ಒಟ್ಟು ಮಾಡಿ, ಒಂದೇ ದಿನ ತಾಟಿಗೆ ಹಾಕಿ, ಅದಕ್ಕೆ ಉಪವಾಸ ಅಂತ ಹೆಸರಿಟ್ಟುಕೊಂಡು ತಿನ್ನುತ್ತಿದ್ದಳು ಕಸ್ತೂರಬಾಯಿ. ಅಷ್ಟೇ ಅಲ್ಲ, ಹರಳು ಬಂದ ಮೇಲೆ ಅದು ಮತ್ತೆ ಬರದಿರಲಿ ಅಂತ ಏಕಾದಶಿ, ಸಂಕಷ್ಟಿಗಳನ್ನೂ ಹೆಚ್ಚಿಗೆ ಹಿಡಿದಿದ್ದಳಂತೆ. ಯೋಗಿತಾ ನಗಬಾರದು ಅಂತ ತುಟಿ ಕಚ್ಚಿದಳು. ಸಿದ್ದಣ್ಣ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇರಲಿ ಬಿಡ್ರಿ," ಅಂದಳು ಕಸ್ತೂರಬಾಯಿ, ಮುಖ ಕೆಂಪಗೆ ಮಾಡಿಕೊಂಡು. "ಸ್ವಾಮಿಗೆ ನಾ ಶೇಂಗಾದ ಮಾತೇನು ಕೊಟ್ಟಿಲ್ಲ. ಇವತ್ತಿಂದ ಅದೂ ಬಂದ್. ಬಾಳಿಹಣ್ಣು ತಿಂದು ಇರ್ತೀನಿ. ಆತಲ್ಲಾ?"

"ಅರ್ಧಾ ಆತು ಮಾವಶಿ. ಇನ್ನರ್ಧಾ ಅದ." ಯೋಗಿತಾ ಕಾಗದದ ಮೇಲೆ ಒಂದು ಹೊಟ್ಟೆಯ ಚಿತ್ರ ಬರೆದಳು. "ನೋಡ್ರಿ, ಈ ಆಕ್ಸಲೇಟ್ ಪೂರಾ ಬಿಡಾಕ ಬರಂಗಿಲ್ಲ. ಎಲ್ಲಾದ್ರಾಗೂ ಚೂರು ಚೂರು ಇರ್ತದ. ಅದಕ್ಕ ಒಂದು ಜೋಡಿ ಬೇಕು, ಕ್ಯಾಲ್ಸಿಯಂ ಅದರ ಜೋಡಿ. ಊಟದ ಜೊತಿಗೇ ಕ್ಯಾಲ್ಸಿಯಂ ಹೋತು ಅಂದ್ರ ಇಲ್ಲೇ, ಹೊಟ್ಟ್ಯಾಗೇ ಎರಡರದೂ ಲಗ್ನ ಆಗಿ ಹೊರಕಡಿಗೆ ಹೋಗ್ತಾವ. ಇಲ್ಲಿ ಜೋಡಿ ಸಿಗಲಿಲ್ಲ ಅಂದ್ರ ಅದು ಒಬ್ಬಂಟಿ ರಕ್ತಕ್ಕ ಇಳೀತದ, ಕಿಡ್ನಿಗೆ ಹೋಗಿ ಅಲ್ಲಿ ಲಗ್ನ ಮಾಡ್ಕೋತದ. ಆ ಸಂಸಾರನೇ ಹರಳು."

"ಅಯ್ಯ, ಚಾಂಡಾಲ ಸಂಸಾರ," ಅಂದಳು ಕಸ್ತೂರಬಾಯಿ.

"ಅದಕ್ಕ ಊಟದ ಜೊತಿ ಎರಡೂ ಹೊತ್ತು ಒಂದೊಂದು ವಾಟಿ ಮೊಸರು. ಇಲ್ಲಾ ಮಜ್ಜಿಗಿ, ಇಲ್ಲಾ ಹಾಲು. ನೀವು ವಾರ ಪೂರ್ತಿದು ಹೇಳಿದ್ರಿ, ಹಾಲಿಂದು ಒಂದ ಹನಿ ಇಲ್ಲ ಅದರಾಗ. ಚಹಾನೂ ಕರೀದು. ಯಾಕ?"

ಕಸ್ತೂರಬಾಯಿ ಸೆರಗು ಸರಿಮಾಡಿಕೊಂಡಳು. "ನನಗ ಆಗಂಗಿಲ್ರಿ ಅದು. ಮೊಸರು ತಿಂದ್ರ ನೆಗಡಿ ಆಗ್ತದ."

"ಬಿಸಿ ಹಾಲು?"

"ಅದೂ ಆಗಂಗಿಲ್ಲ. ಗುಳಿಗಿ ಕೊಡ್ರಿ ಕ್ಯಾಲ್ಸಿಯಮ್ದು."

"ಗುಳಿಗಿ ಬ್ಯಾಡ, ತಿನ್ನೋದರಾಗಿಂದೇ ಹೋಗಲಿ ಅಂತ ಡಾಕ್ಟರು ಬರದಾರ. ಮಾವಶಿ, ನಿಮ್ಮದು ಒಂದ ಕಿಡ್ನಿ. ಇದು ಸಣ್ಣ ಮಾತಲ್ಲ. ಮೊದಲಿಂದ ಆಗಂಗಿಲ್ಲೇನು?"

ಇಲ್ಲಿ ಸಿದ್ದಣ್ಣ ಬಾಯಿ ಹಾಕಿದ. ಪಾಪ, ಒಳ್ಳೆಯದಕ್ಕೇ ಹಾಕಿದ. "ಮೊದಲ ಹಂಗಿರಲಿಲ್ರಿ ಮ್ಯಾಡಮ್. ಮೊದಲ ಇಕಿ ಮೊಸರಿನ ಗಡಗಿ ಮುಂದ ಕೂತಳು ಅಂದ್ರ ನಮಗ ತಳ ಕಾಣಸ್ತಿತ್ತು ಅಷ್ಟ. ಬಿಸಿ ರೊಟ್ಟಿ ಮುರದು ಮೊಸರಿನ್ಯಾಗ ಹಾಕಿ, ಉಪ್ಪು ಹಾಕಿ ಕಲಸಿ... ನನ್ನ ಆಪರೇಷನ್ ಆದಾಗಿಂದ ನೋಡ್ರಿ ಆಕಿಗೆ ಆಗವಲ್ದು. ಕಿಡ್ನಿ ತಗದ್ರ ಹಂಗ ಆಗ್ತದೇನ್ರಿ?"

"ಇಲ್ಲ ಕಾಕಾ," ಅಂದಳು ಯೋಗಿತಾ. "ಕಿಡ್ನಿಗೂ ಇದಕ್ಕೂ ಸಂಬಂಧ ಇಲ್ಲ."

ಕಸ್ತೂರಬಾಯಿ ಕಿಟಕಿಯ ಹೊರಗೆ ನಿಂತ ರಿಕ್ಷಾಗಳನ್ನು ಬಹಳ ಲಕ್ಷ್ಯಕೊಟ್ಟು ನೋಡತೊಡಗಿದಳು. ಸಿದ್ದಣ್ಣ ಅವಳ ಮುಖ ನೋಡಿದ. ಮೂವತ್ತಾರು ವರ್ಷ ಸಂಸಾರ ಮಾಡಿದವನು. ಆ ಮುಖ ಸುಳ್ಳು ಹೇಳುವಾಗ ಹೇಗಿರುತ್ತದೆ ಅಂತ ಅವನಿಗೆ ಗೊತ್ತು.

"ಬಿಟ್ಟೀಯೇನು?" ಅಂದ.

ಅವಳು ರಿಕ್ಷಾಗಳನ್ನು ನೋಡುತ್ತಲೇ ಇದ್ದಳು.

ಈ 'ಬಿಡುವುದು' ಅಂದರೇನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯವರ ಜೀವಕ್ಕೆ ಬಂದಾಗ ದೇವರ ಮುಂದೆ ನಿಂತು, ತನಗೆ ಎಲ್ಲಕ್ಕಿಂತ ಹೆಚ್ಚು ಸೇರುವ ಪದಾರ್ಥ ಯಾವುದೋ ಅದನ್ನು ಬಿಟ್ಟುಬಿಡುತ್ತಾರೆ. ಒಬ್ಬಳು ಬದನೆಕಾಯಿ ಬಿಡುತ್ತಾಳೆ, ಒಬ್ಬಳು ಮಾವಿನಹಣ್ಣು ಬಿಡುತ್ತಾಳೆ. ಬಿಟ್ಟದ್ದನ್ನು ಮತ್ತೆ ಬಾಯಿಗೆ ಹಾಕಿದರೆ ಬೇಡಿಕೊಂಡದ್ದು ತಿರುಗಿ ಹೋಗುತ್ತದೆ ಅನ್ನುವ ಹೆದರಿಕೆ. ಆಪರೇಷನ್ನಿನ ಹಿಂದಿನ ವಾರ ಕಸ್ತೂರಬಾಯಿ ಒಬ್ಬಳೇ ಅಕ್ಕಲಕೋಟಕ್ಕೆ ಹೋಗಿದ್ದಳು. ಕಿಡ್ನಿ ಕೊಡುವುದು ಅವಳಿಗೆ ದೊಡ್ಡದು ಅನಿಸಿರಲಿಲ್ಲ, ಅದೇನು ತಾನು ದಿನಾ ನೋಡುವ ವಸ್ತುವೇ? ದೇವರಿಗೆ ಕೊಡುವುದು ಖರೇನೇ ನೋಯುವಂಥದ್ದಾಗಿರಬೇಕು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಹೈನದ ಯಾವುದನ್ನೂ ಇನ್ನು ಮುಟ್ಟುವುದಿಲ್ಲ, ಇವರ ಹೊಟ್ಟೆಯಲ್ಲಿ ನನ್ನದು ನಡೆಯುತ್ತಿರಲಿ ಅಂತ ಬೇಡಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗಂಡ ಬಿಡಿಸುತ್ತಾನೆ ಅಂತ ನೆಗಡಿಯ ನೆವ ಹುಡುಕಿದ್ದಳು.

ದವಾಖಾನೆಯ ಮೆಟ್ಟಿಲ ಮೇಲೆ ಇಷ್ಟನ್ನೂ ಅವನು ಅವಳ ಬಾಯಿಂದ ಹೊರಡಿಸಿದ.

"ಹುಚ್ಚಿ," ಅಂದ. "ಅಗದಿ ಹುಚ್ಚಿ ಇದ್ದಿ ನೀ."

"ಇರಲಿ. ಹುಚ್ಚಿ ಬಿಟ್ಟಿದ್ದಕ್ಕ ಅಲ್ಲಾ ನೀವು ಇಲ್ಲಿ ನಿಂತು ಒದರಾಕತ್ತಿದ್ದು? ನಿಮ್ಮ ಜೊತಿ ಆಪರೇಷನ್ ಆದವರು ಎಷ್ಟು ಮಂದಿ ಅದಾರ ಈಗ? ಎಣಸ್ರಿ ನೋಡೋಣು."

ಸಿದ್ದಣ್ಣ ಎಣಿಸಲಿಲ್ಲ. ಎಣಿಸಿದರೆ ಉತ್ತರ ಅವಳ ಕಡೆಗೇ ಆಗುತ್ತಿತ್ತು. ಆ ವಾರ್ಡಿನಲ್ಲಿ ಜೊತೆಗಿದ್ದ ಇಬ್ಬರು ತೀರಿಕೊಂಡಿದ್ದರು, ಒಬ್ಬ ಮತ್ತೆ ಡಯಾಲಿಸಿಸ್ಸಿಗೆ ಬಂದಿದ್ದ.

ಮೂರು ದಿನ ಮನೆಯಲ್ಲಿ ಮಾತು ಬಂದ್ ಆಯಿತು. ಅವನು ಎಣಿಸಿ ಪಾಕೀಟು ಕಟ್ಟಿದ, ಅವಳು ಬಡಿದಳು. ರೇವಮ್ಮ ಅವನ ಮುಖ ನೋಡಿ, ಇವಳ ಮುಖ ನೋಡಿ, ಬಾಯಿ ತುರಿಸಿದರೂ ಸುಮ್ಮನಿದ್ದಳು, ಅವಳ ಜೀವಮಾನದಲ್ಲಿ ಅದೇ ಮೊದಲು. ಕಸ್ತೂರಬಾಯಿ ಒಳಗೊಳಗೆ ಕುದಿಯುತ್ತಿದ್ದಳು. ಸಾಯಲು ಅವಳಿಗೆ ಹೆದರಿಕೆಯಿತ್ತು, ಇಲ್ಲ ಅಂದರೆ ಸುಳ್ಳಾದೀತು. ಡಯಾಲಿಸಿಸ್ಸಿನ ಖೋಲಿ ಅವಳು ನೋಡಿದ್ದಳು, ಗಂಡನ ಜೊತೆ ಎಂಟು ತಿಂಗಳು ಅದರ ಬಾಗಿಲಲ್ಲಿ ಕೂತಿದ್ದಳು. ಆದರೆ ಮೊಸರು ತಿಂದ ಮರುದಿನ ಗಂಡನ ಕಾಲು ಬಾತರೆ? ಅವನಿಗೆ ಜ್ವರ ಬಂದರೆ? ಆಮೇಲೆ ತಾನು ಬದುಕಿ ಯಾರ ರೊಟ್ಟಿ ಬಡಿಯಬೇಕು?

ನಾಲ್ಕನೆಯ ದಿನ ಬೆಳಿಗ್ಗೆ ಸಿದ್ದಣ್ಣ ಡೇರಿಗೆ ಹೋಗಿ ಅರ್ಧ ಕಿಲೋ ಮೊಸರು ತಂದ. ಒಂದು ವಾಟಿಗೆ ಹಾಕಿದ, ತಾಟಿನಲ್ಲಿ ಬಿಸಿ ರೊಟ್ಟಿ ಇಟ್ಟ, ಒಲೆ ಮುಂದಿನಿಂದ ಅವಳನ್ನು ಕರೆದು ಎದುರಿಗೆ ಕೂರಿಸಿದ. ಫೋನಿನಲ್ಲಿ ಎಂಟರ ಗಂಟೆ ಬಾರಿಸಿತು. ಅವನು ಡಬ್ಬಿಯಿಂದ ಗುಳಿಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಬಾಯಿಗೆ ಹಾಕಲಿಲ್ಲ.

"ರೀ, ಎಂಟು ಆತು," ಅಂದಳು. ಮೂರು ದಿನದ ಮೇಲೆ ಆಡಿದ ಮೊದಲ ಮಾತು.

"ಕೇಳಸ್ತು."

"ಗುಳಿಗಿ ತಗೋರಿ."

"ನೀ ಮೊಸರು ತಗೋ."

ಮೊದಲು ಅವಳು ಚೇಷ್ಟೆ ಅಂತ ತಿಳಿದಳು. ಮೂಗು ಮುರಿದಳು. ಹತ್ತು ನಿಮಿಷ ಹೋಯಿತು. ಶೆಡ್ಡಿನಿಂದ ರೇವಮ್ಮ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಸಿದ್ದಣ್ಣನ ಅಂಗೈ ಹಾಗೇ ಚಾಚಿತ್ತು, ಗುಳಿಗೆ ಬೆವರಿಗೆ ಅಂಟತೊಡಗಿತ್ತು.

"ಚೇಷ್ಟಿ ಸಾಕು. ಡಾಕ್ಟರು ಏನು ಹೇಳ್ಯಾರ? ಬರೊಬ್ಬರಿ ಎಂಟಕ್ಕ."

"ನಿನಗೂ ಡಾಕ್ಟರು ಹೇಳ್ಯಾರ."

"ನನ್ನ ಮಾತು ಬ್ಯಾರೆ!"

"ಹೆಂಗ ಬ್ಯಾರೆ?"

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅದು ನಿಮ್ಮದಲ್ಲ, ತಿಳೀತಿಲ್ಲೋ? ನಾ ಕೊಟ್ಟಿದ್ದು ಅದು. ನನ್ನ ಕಿಡ್ನಿ. ಅದರ ಮ್ಯಾಲೆ ಹಟ ಮಾಡಾಕ ನೀವ್ಯಾರು?"

"ಒಪ್ಪಿದೆ. ನಿಂದ." ಸಿದ್ದಣ್ಣನ ಕೈ ಕದಲಲಿಲ್ಲ. "ಒಂಬತ್ತು ವರ್ಷ ಒಂದ ಗುಳಿಗಿ ತಪ್ಪಿಸಿಲ್ಲ ನಾ. ನಾ ಬದುಕಬೇಕು ಅಂತ ಅಷ್ಟ ಅಲ್ಲ. ಕಸ್ತೂರಿದು ಅದ ಒಳಗ, ಅದನ್ನ ಹಾಳು ಮಾಡಿದ್ರ ಆಕಿಗೆ ಏನಂತ ಮಾರಿ ತೋರಸಲಿ, ಅದಕ್ಕ. ನಿಂದು ಒಂದನ್ನ ನಾ ಇಷ್ಟು ಜ್ವಾಪಾನ ಮಾಡೀನಿ. ನಿನ್ನ ಹಂತ್ಯಾಕ ಉಳದಿದ್ದು ಒಂದ. ಅದನ್ನ ನೀ ಹಿಂಗ ಮಾಡಿದೆಲ್ಲಾ. ನನಗ ಕೇಳಿದ್ರ ನಾ ಹೂಂ ಅಂತಿದ್ನೇನು?"

ಕಸ್ತೂರಬಾಯಿ ತಲೆ ಎತ್ತಿ ನೋಡಿದಳು. ಗೋಡೆ ಗಡಿಯಾರದಲ್ಲಿ ಎಂಟೂ ಇಪ್ಪತ್ತು.

"ಎಲ್ಲೀತನಕ ಕೂಡವರು ಹಿಂಗ?"

"ನೀ ಉಣ್ಣೋತನಕ."

"ನಾ ಉಣಲಿಲ್ಲಂದ್ರ?"

"ಹಂಗಾದ್ರ ಇಬ್ಬರದೂ ಹೋಗಲಿ. ಎರಡೂ ನಿನ್ನವೇ ಅಲ್ಲಾ?"

ಆ ಮನುಷ್ಯ ಹೇಳಿದ್ದು ಮಾಡುವವನು. ಅದು ಅವಳಿಗೆ ಗೊತ್ತು. ಮೊಸರು ಮುಟ್ಟಿದರೆ ಸ್ವಾಮಿ ಸಿಟ್ಟಾಗಬಹುದು, ಆಗದೆಯೂ ಇರಬಹುದು. ಅಂಗೈ ಮೇಲಿನ ಗುಳಿಗೆ ಮಾತ್ರ ಕಣ್ಣೆದುರಿಗೇ ಇದೆ. ಅವಳು ರೊಟ್ಟಿಯ ಒಂದು ಚೂರು ಮುರಿದಳು, ಮೊಸರಿನಲ್ಲಿ ಅದ್ದಿದಳು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು.

ರುಚಿ ಹತ್ತಿತು. ಅದೇ ಅವಳಿಗೆ ತಡೆಯಲಾಗದ್ದು. ಕಹಿಯಾಗಿದ್ದರೆ, ವಾಂತಿ ಬಂದಿದ್ದರೆ, ನುಂಗಿ ಸುಮ್ಮನಾಗುತ್ತಿದ್ದಳು. ಒಂಬತ್ತು ವರ್ಷದ ಮೇಲೂ ಹಾಳು ನಾಲಗೆಗೆ ಎಲ್ಲ ನೆನಪಿತ್ತು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಕಸ್ತೂರಬಾಯಿ ಗಳಗಳ ಅತ್ತಳು. ಅಳುತ್ತಲೇ ಇನ್ನೊಂದು ತುತ್ತು ಮುರಿದಳು. ಸಿದ್ದಣ್ಣ ಎಂಟೂ ಇಪ್ಪತ್ತಾರಕ್ಕೆ ಗುಳಿಗೆ ನುಂಗಿ, ಮುಖ ಆ ಕಡೆ ಮಾಡಿ ನೀರು ಕುಡಿದ.

"ನಿಮಗೇನರೆ ಆತು ಅಂದ್ರ," ಅಂದಳು ಮೂಗು ಒರೆಸಿಕೊಂಡು, "ನಾ ನಿಮ್ಮನ್ನ ಸುಮ್ಮನ ಬಿಡಂಗಿಲ್ಲ, ನೋಡ್ರಿ ಮತ್ತ."

ಅದಾದ ಮೇಲಿನ ಹದಿಮೂರು ದಿನ ಸಿದ್ದಣ್ಣ ಪಟ್ಟ ಪಾಡು ವೈರಿಗೂ ಬೇಡ. ಅವನು ಸೀನಿದರೆ ಅವಳು ಹಣೆ ಮುಟ್ಟುತ್ತಿದ್ದಳು. ಕೂತಲ್ಲಿ ಅವನ ಪಾದ ಒತ್ತಿ, ಬಾತು ಬೆರಳಿನ ಗುರುತು ಮೂಡುತ್ತದೋ ಅಂತ ನೋಡುತ್ತಿದ್ದಳು. ಸಂಡಾಸಿನಿಂದ ಬಂದರೆ ಬಾಗಿಲಲ್ಲೇ ತಡೆದು, "ಬರೊಬ್ಬರಿ ಆತೋ ಇಲ್ಲೋ?" ಅಂತ ಓಣಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು. ಆದರೂ ಎರಡೂ ಹೊತ್ತು ವಾಟಿ ಮುಂದಿಟ್ಟುಕೊಂಡು ಉಂಡಳು, ಯಾಕೆಂದರೆ ಎಂಟು ಹೊಡೆದರೆ ಸಿದ್ದಣ್ಣ ಅಂಗೈ ಚಾಚಿ ಕೂಡುತ್ತಿದ್ದ. ಸೊಪ್ಪು ತಿನ್ನಲೇಬೇಕು ಅನಿಸಿದ ದಿನ ಮೆಂತ್ಯ ತಂದು ಕುದಿಸಿ, ನೀರು ಬಸಿದು ಚೆಲ್ಲಿ, ಒಗ್ಗರಣೆ ಹಾಕಿದಳು. ದಿನಕ್ಕೆ ಎರಡು ನಿಂಬೆಹಣ್ಣು ನೀರಿಗೆ ಹಿಂಡಿದಳು. ಗುರುವಾರದ ಖಿಚಡಿ ನಿಂತು, ಬಾಳೆಹಣ್ಣು, ಮಜ್ಜಿಗೆ, ಎಳನೀರು ಬಂದವು.

ಹದಿನಾಲ್ಕನೆಯ ದಿನ ಸಿದ್ದಣ್ಣನ ತಿಂಗಳ ರಕ್ತ ತಪಾಸಣೆ. ರಿಪೋರ್ಟು ಕೈಗೆ ಬಂದಾಗ ಅವಳು ಅದನ್ನು ಅವನ ಕೈಯಿಂದ ಕಸಿದುಕೊಂಡಳು. ಯಾವ ಸಾಲು ನೋಡಬೇಕು ಅಂತ ಅವಳಿಗೆ ಬಾಯಿಪಾಠ. ಕ್ರಿಯಾಟಿನಿನ್, ಒಂದು ಬಿಂದು ಎರಡು. ಹೋದ ತಿಂಗಳೂ ಅದೇ, ಅದರ ಹಿಂದಿನ ತಿಂಗಳೂ ಅದೇ. ಎರಡು ಸಲ ಓದಿದಳು. ಅಲ್ಲೇ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ.

ಮೂರು ತಿಂಗಳಿಗೆ ಅವಳ ಮೂತ್ರದ ತಪಾಸಣೆ ಮತ್ತೆ ಆಯಿತು. ಈ ಸಲ ಬೇಕಂತಲೇ ಗುರುವಾರ ಮೂತ್ರದ ಡಬ್ಬಿ ಇಡಿಸಿದವಳು ಯೋಗಿತಾ. ಆಕ್ಸಲೇಟ್ ಇರಬೇಕಾದ ಮಿತಿಯೊಳಗೆ ಇಳಿದಿತ್ತು. ಎರಡು ಹರಳು ಕರಗಿಲ್ಲ, ಅವು ಹಾಗೆ ಕರಗುವಂಥವಲ್ಲ ಅಂತ ಡಾಕ್ಟರು ಹೇಳಿದರು. ಆದರೆ ಬೆಳೆದಿಲ್ಲ, ಹೊಸದು ಹುಟ್ಟಿಲ್ಲ. ಇಷ್ಟು ನೀರು ಕುಡಿದರೆ ಒಂದು ದಿನ ತಾವಾಗಿಯೇ ಜಾರಿ ಹೋದಾವು, ಹೋಗದಿದ್ದರೆ ನೋಡಿಕೊಂಡು ಇರೋಣ, ಊಟ ಮಾತ್ರ ಹೀಗೇ ಸಾಯುವವರೆಗೂ ನಡೆಯಬೇಕು ಅಂದರು.

ಆ ವಾರ ಕಸ್ತೂರಬಾಯಿ ಶೆಡ್ಡಿನ ಕೆಲಸ ರೇವಮ್ಮನಿಗೆ ಒಪ್ಪಿಸಿ ಅಕ್ಕಲಕೋಟದ ಬಸ್ಸು ಹತ್ತಿದಳು. ಸಿದ್ದಣ್ಣನೂ ಬಂದ. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು. ಸ್ವಾಮಿಯ ಮುಂದೆ ಆಡುವ ಮಾತನ್ನು ಜೋಡಿಸುತ್ತಿದ್ದಳು. ಕೊಟ್ಟ ಮಾತು ಮುರಿದೆ, ತಪ್ಪಾಯಿತು, ನನ್ನ ಮೇಲೆ ಸಿಟ್ಟಿದ್ದರೆ ನನಗೇ ಕೊಡು, ಅವರಿಗೆ ಬೇಡ. ಮಾತು ಉದ್ದವಿತ್ತು, ಸಾಲೂ ಉದ್ದವಿತ್ತು. ಒಂದೂವರೆ ತಾಸು ನಿಂತು ಒಳಗೆ ಹೋದ ಮೇಲೆ ಸಿಕ್ಕದ್ದು ನಾಲ್ಕು ಉಸಿರಿನಷ್ಟು ಹೊತ್ತು. ಹಿಂದಿನವರು ನೂಕುತ್ತಿದ್ದರು, ಕಾವಲಿನವರು ಮುಂದೆ ಸರಿಯಿರಿ ಅನ್ನುತ್ತಿದ್ದರು. ಅವಳು ಕೈಮುಗಿದಳು. ಕಟ್ಟಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ಬೇರೆ ಏನೋ ಬಂತು. ಅಷ್ಟರಲ್ಲಿ ಹೊರಗಿದ್ದಳು.

ಸಿದ್ದಣ್ಣ ಚಪ್ಪಲಿ ಮೆಟ್ಟುತ್ತ, "ಏನ ಬೇಡಿಕೊಂಡಿ?" ಅಂದ.

"ನಿಮಗ್ಯಾಕ?"

"ಮತ್ತೇನರೆ ಬಿಟ್ಟು ಬಂದಿಯೋ ಏನೋ ಅಂತ ಅಂಜಿಕಿ ನನಗ. ಹೇಳಿಬಿಡು."

"ಏನೂ ಬಿಟ್ಟಿಲ್ಲ." ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಎರಡು ಹೆಜ್ಜೆ ಹಾಕಿದಳು. ಆಮೇಲೆ ನಿಂತು, ಅವನ ಮುಖ ನೋಡದೆ, ನಾಚಿಕೊಂಡವಳಂತೆ ಅಂದಳು:

"ಈ ಸಲ ನಿಮ್ಮ ಹೆಸರು ತಗೊಂಡಿಲ್ಲ ಬಿಡ್ರಿ. ನನ್ನನ್ನೂ ಒಂದೀಟು ಉಳಸಪ್ಪಾ ಅಂದೆ."